‘ಈಗ’ ಎಂಬುದರ ಅಗಲ ಎಷ್ಟು?

ಕಾಫಿ ಲೋಟ ಕೈಯಲ್ಲಿದೆ, ಆಗಾಗ ತುಟಿಗೆ ಹೋಗಿ ಬರುತ್ತಿದೆ. ಅಷ್ಟರಲ್ಲಿ ಯಾರದೋ ಫೋನು: ‘ವಾಟ್ ಆರ್ ಯು ಡೂಯಿಂಗ್?’ ಇದಕ್ಕೆ ನೀವು ‘ಐ ಡ್ರಿಂಕ್ ಕಾಫಿ’ ಎಂದರೆ ಆಚೆ ಕಡೆಯವರು ಗಲಿಬಿಲಿಗೊಳ್ಳುತ್ತಾರೆ. ಅದೇ ವಾಕ್ಯವನ್ನು ಲೋಟವೂ ಇಲ್ಲದ, ಕಾಫಿಯ ವಾಸನೆಯೂ ಇಲ್ಲದ ಹೊತ್ತಿನಲ್ಲಿ, ಟೀ ಬೇಕೇ ಎಂದು ಕೇಳಿದವರಿಗೆ ಹೇಳಿ ನೋಡಿ. ಅಚ್ಚುಕಟ್ಟಾಗಿ ಕೂರುತ್ತದೆ. ವರ್ತಮಾನಕಾಲದ ವಾಕ್ಯವೆಂದು ಮೇಷ್ಟ್ರು ಕಲಿಸಿದ್ದು ಇದನ್ನೇ. ಆದರೆ ಕುಡಿಯುತ್ತಿರುವಾಗ ಅದು ತಪ್ಪು, ಕುಡಿಯದೆ ಸುಮ್ಮನೆ ಕೂತಿರುವಾಗ ಸರಿ!

ಈ ವಿಚಿತ್ರ ನಮಗೆ ಅರ್ಧ ಗೊತ್ತಿರುವುದೇ. ಸಿಂಪಲ್ ಪ್ರೆಸೆಂಟ್, ಪ್ರೆಸೆಂಟ್ ಕಂಟಿನ್ಯುಯಸ್, ಪ್ರೆಸೆಂಟ್ ಪರ್ಫೆಕ್ಟ್, ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ನಾಲ್ಕು ಮನೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದವರೇ ನಾವೆಲ್ಲ. ಅಭ್ಯಾಸಕ್ಕೆ ಮೊದಲನೆಯದು, ಈಗ ನಡೆಯುತ್ತಿರುವುದಕ್ಕೆ ಎರಡನೆಯದು, ಈಗಷ್ಟೇ ಮುಗಿದದ್ದಕ್ಕೆ ಮೂರನೆಯದು. ಜೊತೆಗೆ ‘ಇಂಗ್’ ಹಚ್ಚಬಾರದ ಕ್ರಿಯಾಪದಗಳದೊಂದು ಪಟ್ಟಿ: ನೋ, ಹ್ಯಾವ್, ಲವ್, ಬಿಲಾಂಗ್, ವಾಂಟ್. ರೆನ್ ಮತ್ತು ಮಾರ್ಟಿನ್ ಪುಸ್ತಕ ಹಿಡಿದು ಬೆಳೆದವರಿಗೆ ಪಟ್ಟಿ ನೆನಪಿದೆ, ಕಾರಣ ಮಾತ್ರ ಯಾರೂ ಹೇಳಿದ್ದು ನೆನಪಿಲ್ಲ. ನಿಯಮ ನಾಲ್ಕಾದರೂ ಅವುಗಳ ಕೆಳಗೆ ಕೆಲಸ ಮಾಡುತ್ತಿರುವ ಯಂತ್ರ ಒಂದೇ.

ಅಡಿಕೆ ಮರದ ಫೋಟೊ

‘ಈಗ’ ಅಂದರೆ ಎಷ್ಟು ಹೊತ್ತು? ನಾವು ಮಾತಾಡುವ ಆ ಕ್ಷಣ. ಅದಕ್ಕೆ ಉದ್ದವಿಲ್ಲ, ಅಗಲವಿಲ್ಲ, ಕ್ಯಾಮೆರಾ ಕ್ಲಿಕ್ಕಿಸಿದಷ್ಟೇ. ಹಾಗಾದರೆ ಒಂದು ಫೋಟೊದಲ್ಲಿ ಏನೇನು ಹಿಡಿಯಬಹುದೆಂದು ಯೋಚಿಸೋಣ.

ಮಲೆನಾಡಿನ ಅಡಿಕೆ ತೋಟ. ಮರ ನೆಟ್ಟಗೆ ನಿಂತಿದೆ. ಇದು ಫೋಟೊದಲ್ಲಿ ಪೂರ್ತಿಯಾಗಿ ಬರುತ್ತದೆ. ಯಾವ ಕ್ಷಣದಲ್ಲಿ ಕ್ಲಿಕ್ಕಿಸಿದರೂ ‘ನಿಂತಿದೆ’ ಎಂಬುದು ಇಡಿಯಾಗಿಯೇ ಸಿಗುತ್ತದೆ. ಈಗ ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗಾರ ಬುಡದಿಂದ ತುದಿಯವರೆಗೆ ಮರ ಹತ್ತುವುದನ್ನು ಒಂದೇ ಫೋಟೊದಲ್ಲಿ ಹಿಡಿಯಿರಿ. ಆಗದು. ಹತ್ತುವುದಕ್ಕೆ ಆರಂಭವಿದೆ, ಅಂತ್ಯವಿದೆ, ಎರಡರ ನಡುವೆ ಸಮಯವಿದೆ. ಫೋಟೊದಲ್ಲಿ ಬರುವುದು ಮೂರರಲ್ಲಿ ಒಂದು. ಒಂದೋ ಅವನು ಅರ್ಧ ಮರದಲ್ಲಿದ್ದಾನೆ: ಹತ್ತುತ್ತಿದ್ದಾನೆ. ಇಲ್ಲವೇ ತುದಿಯಲ್ಲಿ ಕೊನೆಗೆ ಕತ್ತಿ ಹಾಕಿ ಕೂತಿದ್ದಾನೆ: ಹತ್ತಿದ್ದಾನೆ. ಅದೂ ಅಲ್ಲವಾದರೆ ಅಂಗಳದಲ್ಲಿ ಎಲೆ ಮೆಲ್ಲುತ್ತ ಕೂತಿದ್ದಾನೆ, ಫೋಟೊದ ಕೆಳಗೆ ‘ಇವನು ಅಡಿಕೆ ಮರ ಹತ್ತುತ್ತಾನೆ’ ಎಂದು ಯಾರೋ ಬರೆದಿದ್ದಾರೆ. ಆಗ ಅದು ಅವನ ಕೆಲಸದ ಪರಿಚಯ, ಆ ಕ್ಷಣದ ವರದಿಯಲ್ಲ.

ಇಂಗ್ಲಿಷಿನ ವರ್ತಮಾನ ಇಂಥ ಕಟ್ಟುನಿಟ್ಟಿನ ಫೋಟೊಗ್ರಾಫರ್. ಕ್ಷಣದೊಳಗೆ ಇಡಿಯಾಗಿ ಹಿಡಿಸುವುದನ್ನು ಮಾತ್ರ ಒಳಗೆ ಬಿಡುತ್ತದೆ. ಹಿಡಿಸದಿದ್ದರೆ ಹಿಡಿಸುವಂತೆ ಮಾಡಿಕೊಂಡು ಬನ್ನಿ ಎನ್ನುತ್ತದೆ. ಕೋಷ್ಟಕದ ನಾಲ್ಕು ಮನೆಗಳೂ ಹಾಗೆ ಮಾಡಿಕೊಂಡು ಬರುವ ವಿಧಾನಗಳೇ.

ಸ್ಥಿತಿ ಮತ್ತು ಸಂಗತಿ

ಕ್ಷಣದಲ್ಲಿ ಹಿಡಿಸುವುದನ್ನು ಸ್ಥಿತಿ ಎನ್ನೋಣ, ಹಿಡಿಸದ್ದನ್ನು ಸಂಗತಿ ಎನ್ನೋಣ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ತತ್ತ್ವಶಾಸ್ತ್ರ ಕಲಿಸಿದ ಝೀನೊ ವೆಂಡ್ಲರ್ 1957ರ ಒಂದು ಲೇಖನದಲ್ಲಿ ಕ್ರಿಯಾಪದಗಳನ್ನು ನಾಲ್ಕು ಜಾತಿಯಾಗಿ ಬೇರ್ಪಡಿಸಿದ. ಅವನಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಇದೇ ಜಾಡು ಹಿಡಿದಿದ್ದ: ನೋಡುವವನು ಆ ಕ್ಷಣವೇ ನೋಡಿಯೂ ಆಗಿರುತ್ತಾನೆ, ಆದರೆ ಮನೆ ಕಟ್ಟುತ್ತಿರುವವನು ಇನ್ನೂ ಮನೆ ಕಟ್ಟಿರುವುದಿಲ್ಲ. ವೆಂಡ್ಲರನ ನಾಲ್ಕು ಜಾತಿಗಳಲ್ಲಿ ನಮಗೆ ಸದ್ಯ ಬೇಕಿರುವುದು ಒಂದೇ ಗೆರೆ. ಗೆರೆಯ ಈಚೆ ಸ್ಥಿತಿ, ಆಚೆ ಉಳಿದದ್ದೆಲ್ಲ.

‘ನೋ’, ‘ಓನ್’, ‘ಬಿಲಾಂಗ್’, ‘ರಿಸೆಂಬಲ್’ ಇವೆಲ್ಲ ಸ್ಥಿತಿಗಳು. ಒಬ್ಬರಿಗೆ ತುಳು ಗೊತ್ತಿದೆ ಎಂದರೆ ಬೆಳಿಗ್ಗೆ ನೋಡಿದರೂ ಗೊತ್ತಿದೆ, ಅವರು ನಿದ್ದೆಯಲ್ಲಿದ್ದರೂ ಗೊತ್ತಿದೆ. ಗೊತ್ತಿರುವುದರ ಅರ್ಧಭಾಗ ಎಂಬುದಿಲ್ಲ. ಆದ್ದರಿಂದ ‘ಶಿ ನೋಸ್ ತುಳು’ ನೇರವಾಗಿ ಒಳಗೆ ಹೋಗುತ್ತದೆ. ‘ಕ್ಲೈಂಬ್’, ‘ಡ್ರಿಂಕ್’, ‘ರೈಟ್’ ಸಂಗತಿಗಳು, ಅವಕ್ಕೆ ನೇರ ಪ್ರವೇಶವಿಲ್ಲ. ‘ಇಂಗ್’ ಮಾಡುವುದು ಇಷ್ಟೇ: ಸಂಗತಿಯ ಆರಂಭ ಅಂತ್ಯಗಳನ್ನು ಚೌಕಟ್ಟಿನಿಂದ ಹೊರಗಿಟ್ಟು, ನಡುವಿನ ಭಾಗವನ್ನು ಸ್ಥಿತಿಯಂತೆ ತೋರಿಸುವುದು. ‘ಈಸ್ ಕ್ಲೈಂಬಿಂಗ್’ ಎಂದರೆ ಅವನು ಹತ್ತುವುದರ ಮಧ್ಯದಲ್ಲಿದ್ದಾನೆ ಎಂದಷ್ಟೇ. ತುದಿ ಮುಟ್ಟುವನೋ ಇಲ್ಲವೋ, ಅದಕ್ಕೆ ಆ ರೂಪ ಜವಾಬ್ದಾರಿಯಲ್ಲ. ಇರುವೆ ಕಚ್ಚಿ ಅರ್ಧದಲ್ಲೇ ಇಳಿದುಬಿಟ್ಟರೂ ‘ಹಿ ವಾಸ್ ಕ್ಲೈಂಬಿಂಗ್’ ಸುಳ್ಳಾಗುವುದಿಲ್ಲ.

ಒಂದು ಕೆಲಸವನ್ನು ಹೊರಗೆ ನಿಂತು ಇಡಿಯಾಗಿ ನೋಡುವುದೋ, ಒಳಗೆ ನಿಂತು ನಡುವಿನಿಂದ ನೋಡುವುದೋ ಎಂಬ ಈ ಆಯ್ಕೆಗೆ ಭಾಷಾವಿಜ್ಞಾನಿಗಳು ಆಸ್ಪೆಕ್ಟ್ ಎನ್ನುತ್ತಾರೆ. ನಾವು ‘ನೋಟ’ ಎನ್ನೋಣ. ಕಾಲ ಎಂದರೆ ಯಾವಾಗ ಎಂಬುದು, ನೋಟ ಎಂದರೆ ಎಲ್ಲಿಂದ ನೋಡಿದ್ದು ಎಂಬುದು. ಎರಡನ್ನೂ ‘ಟೆನ್ಸ್’ ಎಂಬ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದೇ ಶಾಲೆಯ ಗೊಂದಲಕ್ಕೆ ಮೂಲ ಎಂದು ನನ್ನ ಅಭಿಪ್ರಾಯ. ಎಲ್ಲ ಭಾಷೆಗಳೂ ಇಂಗ್ಲಿಷಿನಷ್ಟು ಬಿಗಿಯಲ್ಲ. ಜರ್ಮನ್ನರ ‘ಇಶ್ ಲೇಸೆ’, ಫ್ರೆಂಚರ ‘ಜ ಲೀ’ ಎರಡಕ್ಕೂ ‘ಓದುತ್ತೇನೆ’, ‘ಓದುತ್ತಿದ್ದೇನೆ’ ಎಂಬ ಎರಡರ್ಥವೂ ಇದೆ. ಆದ್ದರಿಂದ ಇಂಗ್ಲಿಷ್ ಕಲಿಯುವ ಜರ್ಮನ್ನರು ‘ಇಂಗ್’ ಬೇಕಾದಲ್ಲಿ ಬಿಡುತ್ತಾರೆ. ನಾವು ಬೇಡದಲ್ಲಿ ಹಚ್ಚುತ್ತೇವೆ.

ಗೊತ್ತು, ಬೇಕು, ಇಷ್ಟ

‘ಐ ಆ್ಯಮ್ ಹ್ಯಾವಿಂಗ್ ಎ ಡೌಟ್’, ‘ಐ ಆ್ಯಮ್ ಹ್ಯಾವಿಂಗ್ ಟು ಚಿಲ್ಡ್ರನ್’, ‘ಐ ಆ್ಯಮ್ ನಾಟ್ ನೋಯಿಂಗ್’. ಬೆಂಗಳೂರಿನ ಯಾವ ಕಚೇರಿಗೆ ಹೋದರೂ ಮಧ್ಯಾಹ್ನದೊಳಗೆ ಮೊದಲನೆಯದಂತೂ ಕಿವಿಗೆ ಬೀಳುತ್ತದೆ. ನಿಸ್ಸಿಮ್ ಎಜೆಕೀಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ಕವಿತೆಯನ್ನು ಕಟ್ಟಿದ್ದೇ ಈ ‘ಇಂಗ್’ ಸಂಭ್ರಮದ ಮೇಲೆ. ಯಂತ್ರ ಅರ್ಥವಾದ ಮೇಲೆ ಇಲ್ಲಿ ಎಲ್ಲಿ ಎಡವಿದ್ದೇವೆ ಎಂಬುದು ಕಾಣುತ್ತದೆ. ಸಂಶಯ ಇರುವುದು, ಮಕ್ಕಳಿರುವುದು, ತಿಳಿದಿರುವುದು ಮೊದಲೇ ಸ್ಥಿತಿಗಳು. ಅವನ್ನು ಸ್ಥಿತಿಯಾಗಿಸಲು ಮತ್ತೊಂದು ಉಪಕರಣ ಬೇಕಿಲ್ಲ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿಯಾಗುವುದೂ ಇದೇ ಕಾರಣಕ್ಕೆ. ಅಲ್ಲಿ ‘ಹ್ಯಾವ್’ ಎಂದರೆ ಇರುವುದಲ್ಲ, ತಿನ್ನುವುದು. ಊಟಕ್ಕೆ ಆರಂಭವೂ ಉಂಟು, ಕೈತೊಳೆಯುವ ಅಂತ್ಯವೂ ಉಂಟು.

ಕನ್ನಡಿಗರಿಗೆ ಈ ವ್ಯತ್ಯಾಸ ಹೊಸದೇನಲ್ಲ ಎಂಬುದೇ ತಮಾಷೆ. ‘ನೀರು ನೂರು ಡಿಗ್ರಿಗೆ ಕುದಿಯುತ್ತದೆ’, ‘ಒಲೆಯ ಮೇಲೆ ನೀರು ಕುದಿಯುತ್ತಿದೆ’: ಇವೆರಡನ್ನು ನಾವು ಎಂದೂ ಅದಲುಬದಲು ಮಾಡುವುದಿಲ್ಲ. ಸ್ಥಿತಿಗಳ ವಿಷಯದಲ್ಲಂತೂ ಕನ್ನಡ ಇಂಗ್ಲಿಷಿಗಿಂತ ಕಟ್ಟುನಿಟ್ಟು. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಸಾಕು, ನನಗೆ ಇಬ್ಬರು ಮಕ್ಕಳು. ಇಲ್ಲಿ ‘ನಾನು’ ಮಾಡುವವನೇ ಅಲ್ಲ, ‘ನನಗೆ’ ಆಗಿಬಿಟ್ಟಿದ್ದಾನೆ. ಗೊತ್ತು, ಬೇಕು, ಸಾಕು ಎಂಬ ಮಾತುಗಳಿಗೆ ‘ಉತ್ತ’ ಅಂಟುವುದೇ ಇಲ್ಲ. ‘ಬೇಕುತ್ತಿದೆ’ ಎಂದು ಮೂರು ವರ್ಷದ ಮಗುವೂ ಹೇಳದು. ‘ಗೊತ್ತಾಗುತ್ತಿದೆ’ ಎನ್ನಬಹುದು, ಆದರೆ ಅಲ್ಲಿ ‘ಆಗು’ ಸೇರಿ ಸ್ಥಿತಿ ಹೋಗಿ ಬದಲಾವಣೆ ಬಂದಿದೆ. ಕನ್ನಡ ಹೀಗೆ ಸ್ಥಿತಿಗಳಿಗೆ ಬೇರೆಯೇ ಪಂಕ್ತಿ ಹಾಕಿ ಕೂರಿಸಿದೆ. ಇಂಗ್ಲಿಷ್ ‘ನೋ’ವನ್ನೂ ‘ಕ್ಲೈಂಬ್’ಅನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಇಬ್ಬರೂ ಒಂದೇ ವೇಷದಲ್ಲಿರುವುದರಿಂದ ಯಾರಿಗೆ ‘ಇಂಗ್’ ಬಡಿಸಬೇಕು, ಯಾರಿಗೆ ಬಡಿಸಬಾರದು ಎಂದು ಹೊರಗಿನವರಿಗೆ ಗುರುತು ಸಿಗುವುದಿಲ್ಲ.

ಹಾಗಿದ್ದೂ ನಾವು ‘ಹ್ಯಾವಿಂಗ್’ ಅನ್ನುವುದೇಕೆ? ಕಾಶ್ಮೀರದಲ್ಲಿ ಹುಟ್ಟಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕಲಿಸಿದ ಬ್ರಜ್ ಕಚ್ರು ಭಾರತೀಯ ಇಂಗ್ಲಿಷನ್ನೇ ಅಧ್ಯಯನದ ವಸ್ತು ಮಾಡಿಕೊಂಡು, ಇಂಥ ಬಳಕೆಗಳನ್ನು ಬರೀ ತಪ್ಪುಗಳೆಂದು ತಳ್ಳದೆ ಇಲ್ಲಿನ ಭಾಷೆಗಳು ಇಂಗ್ಲಿಷಿನ ಮೇಲೆ ಬಿಟ್ಟ ಗುರುತುಗಳೆಂದು ಓದಿದರು. ಇದರ ಜೊತೆಗೆ ನನ್ನದೊಂದು ಊಹೆ ಸೇರಿಸುತ್ತೇನೆ. ಶಾಲೆಯಲ್ಲಿ ಮೊದಲು ತೋರಿಸುವುದು ಚಿತ್ರಪಟ: ಹುಡುಗ ಓಡುತ್ತಿದ್ದಾನೆ, ಹುಡುಗಿ ಹಾಡುತ್ತಿದ್ದಾಳೆ. ಅಲ್ಲಿಂದ ‘ಈಗ ಎಂದರೆ ಇಂಗ್’ ಎಂಬ ಸಮೀಕರಣ ತಲೆಯಲ್ಲಿ ಕೂತುಬಿಡುತ್ತದೆ. ಸಂಶಯವೂ ಈಗಲೇ ಇದೆಯಲ್ಲ, ಅದಕ್ಕೂ ಹಚ್ಚಿಬಿಡುತ್ತೇವೆ.

ಪರೀಕ್ಷೆಗೆ ಓದುವವರಿಗೆ ಇದರಲ್ಲೊಂದು ಉಪಯೋಗವಿದೆ. ಹೇಳಬೇಕಾದ್ದು ಕನ್ನಡದಲ್ಲಿ ‘ನನಗೆ’ ಎಂದು ಶುರುವಾಗಿ ಗೊತ್ತು, ಬೇಕು, ಇಷ್ಟ, ಇದೆ, ನೆನಪಿದೆ ಎಂದು ಮುಗಿದರೆ ಇಂಗ್ಲಿಷಿನಲ್ಲಿ ‘ಇಂಗ್’ ಮುಟ್ಟಬೇಡಿ. ಎಲ್ಲ ಕಡೆ ನಡೆಯುವ ಉಪಾಯವಲ್ಲ, ಬಹುಪಾಲು ನಡೆಯುತ್ತದೆ.

ಪತಂಜಲಿ ಕಂಡ ತೊಡಕು

ಮೊದಲ ಒಗಟಿಗೆ ಬರೋಣ. ‘ಐ ಡ್ರಿಂಕ್ ಕಾಫಿ’ ಎಂಬಲ್ಲಿ ಸಂಗತಿ ಇದೆ, ‘ಇಂಗ್’ ಇಲ್ಲ. ಆದರೂ ವರ್ತಮಾನದೊಳಗೆ ಹೇಗೆ ಬಂತು? ಅದು ಬಂದದ್ದು ಅಭ್ಯಾಸವಾಗಿ. ಅಭ್ಯಾಸ ಎಂಬುದೂ ಒಂದು ಸ್ಥಿತಿಯೇ. ಕಾಫಿ ಕುಡಿಯುವವರು ಎಂಬ ಗುಣ ನಿದ್ದೆಯಲ್ಲೂ ಅವರ ಜೊತೆಗಿರುತ್ತದೆ. ಕ್ರಿಯೆಯನ್ನು ನೇರವಾಗಿ ಒಳಗೆ ಬಿಡದ ಇಂಗ್ಲಿಷ್ ಅದನ್ನು ಗುಣವಾಗಿ ಓದಿಕೊಂಡು ಬಿಡುತ್ತದೆ.

ಈ ತೊಡಕು ನಮ್ಮ ವೈಯಾಕರಣರಿಗೂ ಎದುರಾಗಿತ್ತು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಪತಂಜಲಿ ಮಹಾಭಾಷ್ಯದಲ್ಲಿ, ವರ್ತಮಾನಕಾಲವನ್ನು ಹೇಳುವ ಪಾಣಿನಿಯ ಸೂತ್ರವನ್ನು ವಿವರಿಸುವಾಗ ಇದನ್ನೇ ಚರ್ಚಿಸುತ್ತಾನೆ. ನಾವಿಲ್ಲಿ ಅಧ್ಯಯನ ಮಾಡುತ್ತೇವೆ, ಇಲ್ಲಿ ವಾಸಿಸುತ್ತೇವೆ, ದೊರೆ ಪುಷ್ಯಮಿತ್ರನಿಗೆ ಯಜ್ಞ ಮಾಡಿಸುತ್ತೇವೆ ಎಂಬ ಮಾತುಗಳಲ್ಲಿ ಹೇಳುವವನು ಆ ಕ್ಷಣ ಓದುತ್ತಲೋ ಯಜ್ಞ ಮಾಡಿಸುತ್ತಲೋ ಇರಬೇಕಾಗಿಲ್ಲ. ಮತ್ತೆ ವರ್ತಮಾನ ಹೇಗೆ? ಉತ್ತರ ಸೊಗಸಾಗಿದೆ. ಉಣ್ಣುವವನೂ ಉಣ್ಣುವುದರ ನಡುವೆ ನಗುತ್ತಾನೆ, ಮಾತಾಡುತ್ತಾನೆ, ನೀರು ಕುಡಿಯುತ್ತಾನೆ. ಆದರೂ ಉಣ್ಣುತ್ತಾನೆ ಎನ್ನುತ್ತೇವೆ. ಶುರುವಾದದ್ದು ನಿಲ್ಲದಿರುವವರೆಗೆ ಅದು ವರ್ತಮಾನವೇ. ಬೆಟ್ಟಗಳು ನಿಂತಿರುವುದು, ನದಿಗಳು ಹರಿಯುವುದು ಇಂಥ ನಿತ್ಯದ ವಿಷಯಗಳಿಗೆ ಇನ್ನೊಂದು ಸುತ್ತು ಚರ್ಚೆ. (ಪತಂಜಲಿಯ ಕಾಲವನ್ನು ಗುರುತಿಸಲು ವಿದ್ವಾಂಸರಿಗೆ ಈ ಪುಷ್ಯಮಿತ್ರನ ಉದಾಹರಣೆಯೂ ನೆರವಾಗಿದೆ. ವ್ಯಾಕರಣದ ಒಂದು ವಾಕ್ಯ ಇತಿಹಾಸಕ್ಕೆ ಸಾಕ್ಷಿಯಾದ ಅಪರೂಪದ ಪ್ರಸಂಗ.) ಸಂಸ್ಕೃತಕ್ಕೆ ಎರಡೂ ಅರ್ಥಕ್ಕೆ ಒಂದೇ ರೂಪ ಸಾಕಾಗಿತ್ತು. ಇಂಗ್ಲಿಷ್ ಅದನ್ನು ಸೀಳಿ ಎರಡು ಮಾಡಿಕೊಂಡಿದೆ.

ಕನ್ನಡದ ‘ಬರುತ್ತೇನೆ’ಗೆ ಅಭ್ಯಾಸದ ಜೊತೆಗೆ ಭವಿಷ್ಯದ ಹೊರೆಯೂ ಇದೆ. ‘ದಿನಾ ಬರುತ್ತೇನೆ’, ‘ನಾಳೆ ಬರುತ್ತೇನೆ’. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ 1999ರಲ್ಲಿ ಒಂದಿಡೀ ಪುಸ್ತಕ ಬರೆದು, ಕೆಲವು ಭಾಷೆಗಳಿಗೆ ಕಾಲ ಮುಖ್ಯ, ಕೆಲವಕ್ಕೆ ನೋಟ ಮುಖ್ಯ, ಇನ್ನು ಕೆಲವಕ್ಕೆ ನಡೆದದ್ದೋ ನಡೆಯಬಹುದಾದದ್ದೋ ಎಂಬುದೇ ಮುಖ್ಯ ಎಂದು ವಾದಿಸಿದರು. ಒಂದರ ಕೋಷ್ಟಕವನ್ನು ಇನ್ನೊಂದರ ಮೇಲೆ ಹೊದಿಸಿದರೆ ಅಂಚು ಕೂಡುವುದಿಲ್ಲ.

ಮುಗಿದದ್ದು, ಆದರೂ ಈಗಿನದು

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೆ’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂಬ ಕನ್ನಡದಲ್ಲಿ ದೋಷವೇನೂ ಇಲ್ಲವಲ್ಲ? ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರಿನಲ್ಲಿ ಪ್ರೆಸೆಂಟ್ ಇರುವುದು ಅಲಂಕಾರಕ್ಕಲ್ಲ. ಕೊನೆಗಾರ ಮರದ ತುದಿಯಲ್ಲಿ ಕೂತಿರುವ ಫೋಟೊ ಅದು. ಹತ್ತಿ ಆಗಿದೆ, ಅದರ ಫಲ ಮಾತ್ರ ಚೌಕಟ್ಟಿನೊಳಗಿದೆ. ತತ್ತ್ವಜ್ಞಾನಿ ಹಾನ್ಸ್ ರೈಷನ್‌ಬಾಖ್ 1947ರಲ್ಲಿ ಇದಕ್ಕೆ ಮೂರು ಬಿಂದುಗಳ ವಿವರಣೆ ಕೊಟ್ಟ: ಮಾತಾಡುವ ಹೊತ್ತು, ಕೆಲಸ ನಡೆದ ಹೊತ್ತು, ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬ ಹೊತ್ತು. ‘ಐ ಸಾ’ ಎನ್ನುವಾಗ ನಾವು ಹೋಗಿ ಹಿಂದೆ ನಿಂತಿರುತ್ತೇವೆ. ‘ಐ ಹ್ಯಾವ್ ಸೀನ್’ ಎನ್ನುವಾಗ ಕೆಲಸ ಹಿಂದಿದ್ದರೂ ನಾವು ನಿಂತಿರುವುದು ಇಲ್ಲೇ, ಈಗಲೇ. ಇಲ್ಲಿ ನಿಂತ ಮೇಲೆ ‘ಯೆಸ್ಟರ್ಡೆ’ ಎಂದು ಹಿಂದಕ್ಕೆ ಎಳೆಯಬಾರದು.

‘ಕುವೆಂಪು ವಿಸಿಟೆಡ್ ಧಾರವಾಡ’ ಸರಿ. ‘ಕುವೆಂಪು ಹ್ಯಾಸ್ ವಿಸಿಟೆಡ್ ಧಾರವಾಡ’ ಎಂಬುದು ಇಂಗ್ಲಿಷ್ ಕಿವಿಗೆ ಅಪಸ್ವರ. ಧಾರವಾಡಕ್ಕೆ ಹೋಗಿಬಂದ ಅನುಭವವನ್ನು ಈಗ ಹೊತ್ತುಕೊಂಡಿರಲು ಅವರು ನಮ್ಮೊಂದಿಗಿಲ್ಲ. ಆದರೆ ಅವರು ಕನ್ನಡ ಸಾಹಿತ್ಯದ ಮೇಲೆ ಪ್ರಭಾವ ಬೀರಿದ್ದಾರೆ ಎನ್ನುವಾಗ ‘ಹ್ಯಾಸ್ ಇನ್‌ಫ್ಲುಯೆನ್ಸ್ಡ್’ ಧಾರಾಳವಾಗಿ ನಡೆಯುತ್ತದೆ, ಪ್ರಭಾವ ಇನ್ನೂ ಇದೆಯಲ್ಲ.

ಕನ್ನಡವೂ ಇಂಗ್ಲಿಷೂ ಇಲ್ಲಿ ದಾರಿ ಬೇರೆ ಮಾಡಿಕೊಂಡ ಒಂದು ಜಾಗ ನನಗೆ ಬಹಳ ಪ್ರಿಯ. ‘ಮಗು ಮಲಗಿದೆ’, ‘ಅಜ್ಜ ಕೂತಿದ್ದಾರೆ’, ‘ಅವನು ಬಿಳಿ ಅಂಗಿ ಹಾಕಿಕೊಂಡಿದ್ದಾನೆ’. ಮೂರರಲ್ಲೂ ನಾವು ಮುಗಿದ ಕೆಲಸದ ಫಲವನ್ನು ತೋರಿಸುತ್ತೇವೆ: ಮಲಗಿ ಆಗಿದೆ, ಕೂತಾಗಿದೆ, ಹಾಕಿಕೊಂಡಾಗಿದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಇಂಗ್’: ಸ್ಲೀಪಿಂಗ್, ಸಿಟಿಂಗ್, ವೇರಿಂಗ್. ‘ಅಂಗಿ ಹಾಕಿಕೊಳ್ಳುತ್ತಿದ್ದಾನೆ’ ಎಂದರೆ ಕನ್ನಡಿಗನ ಕಣ್ಣಿಗೆ ತೋಳು ತೂರಿಸುತ್ತಿರುವವನು ಕಾಣುತ್ತಾನೆ. ಅದಕ್ಕೆ ಇಂಗ್ಲಿಷ್ ‘ಪುಟಿಂಗ್ ಆನ್’ ಎಂಬ ಬೇರೆ ಮಾತು ಹುಡುಕಬೇಕು. ಫೋಟೊ ಒಂದೇ, ಅದನ್ನು ಹಿಡಿಯುವ ಕಡೆ ಬೇರೆ. ‘ಉತ್ತಿದ್ದಾನೆ ಎಂದರೆ ಇಂಗ್’ ಎಂಬ ಟ್ಯೂಷನ್ ಸೂತ್ರ ಇಲ್ಲಿ ಕೈಕೊಡುತ್ತದೆ.

ಇನ್ನು ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’. ‘ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದರ ತದ್ರೂಪು. ‘ಆ್ಯಮ್ ವರ್ಕಿಂಗ್’ ಕೊಡುವುದು ಈ ಕ್ಷಣವನ್ನು ಮಾತ್ರ, ಹತ್ತು ವರ್ಷ ಹಿಂದಕ್ಕೆ ಚಾಚಿಕೊಂಡಿದೆ. ಹಿಂದಿನದಕ್ಕೆ ‘ಹ್ಯಾವ್’, ನಡೆಯುತ್ತಿರುವುದಕ್ಕೆ ‘ಇಂಗ್’, ಎರಡನ್ನೂ ಹೊಲಿದರೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ಕೋಷ್ಟಕದ ನಾಲ್ಕನೆಯ ಮನೆ ಇರುವುದು ಇದಕ್ಕಾಗಿ. ಜರ್ಮನ್ನರೂ ಇಲ್ಲಿ ನಮ್ಮಂತೆಯೇ ‘ಸಿನ್ಸ್’ ಹಾಕಿ ಎಡವುತ್ತಾರೆ ಎಂಬುದು ಸಮಾಧಾನದ ವಿಷಯ.

ಹೇಳುವಷ್ಟರಲ್ಲಿ ಮುಗಿಯುವುದು

ಸಂಗತಿ ಕ್ಷಣದಲ್ಲಿ ಹಿಡಿಸದು ಎಂದೆವು. ಹಿಡಿಸುವಷ್ಟು ಪುಟ್ಟದಾಗಿದ್ದರೆ? ಕ್ರಿಕೆಟ್ ಕಾಮೆಂಟರಿ ಕೇಳಿ. ‘ಬುಮ್ರಾ ಕಮ್ಸ್ ಇನ್, ಬೌಲ್ಸ್, ಅಂಡ್ ಹಿ ಮಿಸಸ್’. ಒಂದು ಎಸೆತ, ಅದನ್ನು ಹೇಳುವ ವಾಕ್ಯ, ಎರಡರ ಉದ್ದವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ‘ಇಂಗ್’ ಇಲ್ಲದೆಯೇ ಸಂಗತಿ ಇಡಿಯಾಗಿ ಒಳಗೆ ಬಂತು. ಅದೇ ವೀಕ್ಷಕ ವಿವರಣೆಗಾರ ‘ಕೊಹ್ಲಿ ಈಸ್ ಬ್ಯಾಟಿಂಗ್ ಬ್ಯೂಟಿಫುಲಿ’ ಎನ್ನುತ್ತಾನೆ, ಆಟ ಇನ್ನೂ ಮುಂದುವರಿದಿದೆ. ಅಡುಗೆ ತೋರಿಸುವವರು ‘ನೌ ಐ ಆ್ಯಡ್ ಸಾಲ್ಟ್’ ಎನ್ನುವುದೂ ಹೀಗೆಯೇ.

ಇದಕ್ಕಿಂತ ಬಿಗಿಯಾದ ಹೊಂದಿಕೆ ಹೇಳುವುದೇ ಮಾಡುವುದಾದಾಗ. ಆಕ್ಸ್‌ಫರ್ಡಿನ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಥ ಮಾತುಗಳನ್ನು ಬಿಡಿಸಿಟ್ಟ. ‘ಐ ಪ್ರಾಮಿಸ್’ ಎಂದರೆ ಮಾತು ಕೊಟ್ಟಾಯಿತು. ‘ಐ ಆ್ಯಮ್ ಪ್ರಾಮಿಸಿಂಗ್’ ಎಂದರೆ ಅದು ಮಾತು ಕೊಟ್ಟಂತಲ್ಲ, ಕೊಡುತ್ತಿರುವ ಬಗ್ಗೆ ವರದಿ ಓದಿದಂತೆ. ರಾಜಭವನದ ಗಾಜಿನ ಮನೆಯಲ್ಲಿ ಮಂತ್ರಿಯಾಗುವವರು ‘ಪ್ರಮಾಣ ಮಾಡುತ್ತೇನೆ’ ಎನ್ನಬೇಕು. ‘ಮಾಡುತ್ತಿದ್ದೇನೆ’ ಎಂದರೆ ಪಕ್ಕದಲ್ಲಿದ್ದವರು ಗಾಬರಿಯಾಗುತ್ತಾರೆ.

ಗೆರೆ ಜರುಗುತ್ತದೆ

‘ಇಂಗ್’ನ ಈ ದರ್ಬಾರು ಹಳೆಯದಲ್ಲ. 1600ರ ಆಸುಪಾಸಿನಲ್ಲಿ ಷೇಕ್ಸ್‌ಪಿಯರ್ ಬರೆದ ಹ್ಯಾಮ್ಲೆಟ್ ನಾಟಕದಲ್ಲಿ, ಪುಸ್ತಕ ಹಿಡಿದು ನಡೆದು ಬರುವ ರಾಜಕುಮಾರನನ್ನು ಪೊಲೋನಿಯಸ್ ಏನು ಓದುತ್ತಿದ್ದೀರಿ ಎಂದು ಕೇಳುವುದು ಸಾದಾ ರೂಪದಲ್ಲಿ. ಇಂದು ಹಾಗೆ ಕೇಳಿದರೆ ಯಾವ ಬಗೆಯ ಪುಸ್ತಕ ಓದುವ ಅಭ್ಯಾಸ ಎಂಬ ಪ್ರಶ್ನೆಯಾದೀತು. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬುತ್ತಿದ್ದಾಗ ಮಡಿವಂತರು ಅದನ್ನು ಹೇಸಿಗೆಯೆಂದು ಬೈದರು. ‘ದಿ ಹೌಸ್ ಈಸ್ ಬಿಲ್ಡಿಂಗ್’ ಅವರಿಗೆ ಶುದ್ಧ ಇಂಗ್ಲಿಷ್ ಆಗಿತ್ತು. ಈಗ ಅದನ್ನು ಬರೆದವರಿಗೆ ಅಂಕ ಸಿಗದು.

ಸ್ಥಿತಿಗಳ ಬೇಲಿಯನ್ನು ಬೇಕೆಂದೇ ದಾಟುವುದೂ ಉಂಟು. ಮೆಕ್‌ಡೊನಾಲ್ಡ್ಸ್ 2003ರಿಂದ ‘ಐ ಆ್ಯಮ್ ಲವಿಂಗ್ ಇಟ್’ ಎಂದು ಹೇಳುತ್ತ ಬಂದಿದೆ. ‘ಲವ್’ ಎಂಬ ಸ್ಥಿತಿಗೆ ‘ಇಂಗ್’ ಹಚ್ಚಿದಾಗ ಅದು ಈ ಹೊತ್ತಿನ, ಬಾಯಿ ಚಪ್ಪರಿಸುವ ಸಂಗತಿಯಾಗುತ್ತದೆ. ‘ಹಿ ಈಸ್ ಸಿಲ್ಲಿ’ ಎಂದರೆ ಪೆದ್ದ, ‘ಹಿ ಈಸ್ ಬೀಯಿಂಗ್ ಸಿಲ್ಲಿ’ ಎಂದರೆ ಸದ್ಯಕ್ಕೆ ಪೆದ್ದನ ಹಾಗೆ ಆಡುತ್ತಿದ್ದಾನೆ. ನಿಯಮ ಮುರಿದಂತೆ ಕಂಡರೂ ಯಂತ್ರ ಅದೇ.

ನಾಳೆಯ ರೈಲು, ನಾಳೆಯ ಮಳೆ

ಉಳಿದದ್ದು ಭವಿಷ್ಯಕ್ಕೆ ಬಳಸುವ ವರ್ತಮಾನ. ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ’ ಸರಿ. ‘ದಿ ಸನ್ ರೈಸಸ್ ಅಟ್ ಸಿಕ್ಸ್ ಟುಮಾರೊ’ ಕೂಡ ಸರಿ. ‘ಇಟ್ ರೈನ್ಸ್ ಟುಮಾರೊ’ ಮಾತ್ರ ತಪ್ಪು. ರೈಲು ನಾಳೆ ಹೊರಟರೂ ವೇಳಾಪಟ್ಟಿ ಇಂದೇ ಇದೆ, ಸೂರ್ಯೋದಯದ ಲೆಕ್ಕವೂ ಇಂದೇ ನಿಶ್ಚಿತ. ‘ಐ ಆ್ಯಮ್ ಲೀವಿಂಗ್ ಟುಮಾರೊ’ ಎನ್ನುವವರ ಟಿಕೆಟ್ಟು, ತಯಾರಿ ಈಗಲೇ ಆಗಿದೆ. ಅಂದರೆ ಚೌಕಟ್ಟಿನೊಳಗೆ ಇಂದಿನ ಒಂದು ಸ್ಥಿತಿ ಇದ್ದೇ ಇದೆ. ಮಳೆಗೆ ಅಂಥ ವೇಳಾಪಟ್ಟಿಯಿಲ್ಲ. ಹವಾಮಾನ ಇಲಾಖೆ ಉಪಗ್ರಹ, ರೇಡಾರ್ ಎಲ್ಲ ಇಟ್ಟುಕೊಂಡೂ ‘ವಿಲ್’ ಬಿಟ್ಟು ಮಾತಾಡುವಂತಿಲ್ಲ. ಮುಂದಿನ ವರ್ಷದ ಗ್ರಹಣವನ್ನು ಗಳಿಗೆ ಸಮೇತ ಅಚ್ಚು ಹಾಕುವ ಪಂಚಾಂಗದವರನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ಅವರಿಗೆ ಸಾದಾ ವರ್ತಮಾನವೇ ಸಾಕು.